ಅಕ್ವೇರಿಯಂ ಕ್ಲಿಪ್ ಫ್ಯಾನ್: ರಾಯಚೂರಿಗೆ ಸೈ, ಮಂಗಳೂರಿಗೆ ಅಷ್ಟಕ್ಕಷ್ಟೆ

ತೊಟ್ಟಿಯ ಅಂಚಿಗೆ ಸಿಕ್ಕಿಸುವ 12 ವೋಲ್ಟ್ ಜೋಡಿ ಫ್ಯಾನ್ 50 ಲೀಟರ್ ತೊಟ್ಟಿಗೆ ಧಾರಾಳ ಸಾಕು. ತಂಪು ಬರುವುದು ನೀರು ಆವಿಯಾಗುವುದರಿಂದ: ಇಷ್ಟು ನೀರು 1 ಡಿಗ್ರಿ ಇಳಿಯಲು ಸುಮಾರು 90 ಮಿ.ಲೀ. ಆರಬೇಕು. ಹಾಗಾಗಿ ರಾಯಚೂರು, ಕಲಬುರಗಿಯ ಒಣಹವೆಯಲ್ಲಿ 3–4 ಡಿಗ್ರಿ ಇಳಿಯುತ್ತದೆ; ಮಂಗಳೂರಿನ ಸೆಕೆಯಲ್ಲಿ 1 ಡಿಗ್ರಿ ಇಳಿದರೆ ಪುಣ್ಯ.

ಗಾಜಿನ ಮುಚ್ಚಳ ತೆಗೆದು, ಗಾಳಿ ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕೂರಿಸಿ. ಜಿಗಿಯುವ ಮೀನಿದ್ದರೆ ಕಣ್ಣು ದೊಡ್ಡದಿರುವ ಬಲೆ ಹೊದಿಸಿ. ಸೊಳ್ಳೆಪರದೆ ಗಾಳಿಯನ್ನೇ ತಡೆಯುತ್ತದೆ. ಕಡಿಮೆಯಾದ ನೀರಿಗೆ ಬೋರ್‌ವೆಲ್ ನೀರು ಸುರಿಯುತ್ತ ಹೋದರೆ ಗಡಸುತನ ಏರುತ್ತದೆ, ಏಕೆಂದರೆ ಲವಣ ಆರಿಹೋಗುವುದಿಲ್ಲ. ಲವಣ ಸೋಸಿ ತೆಗೆದ ಆರ್‌ಒ ನೀರು ಹಾಕಿ.

ಬಿಸಿ ನೋಡಿ ತಾನೇ ಆನ್-ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲದಿರುವುದೇ ದೊಡ್ಡ ಕೊರತೆ. ಫ್ಯಾನ್ ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ನೀರನ್ನು ಬೇಕಿಲ್ಲದಷ್ಟು ತಣ್ಣಗಾಗಿಸುತ್ತದೆ. ಆ ಕೆಲಸ ಮಾಡುವ ಎಸ್‌ಟಿಸಿ-1000 ಕಂಟ್ರೋಲರ್ ಸೇರಿಸಿ 28 ಡಿಗ್ರಿಗೆ, ವ್ಯತ್ಯಾಸ 1 ಡಿಗ್ರಿಗೆ (29ಕ್ಕೆ ಶುರು, 28ಕ್ಕೆ ನಿಲುಗಡೆ) ಇಟ್ಟರೆ ಆ ತಲೆನೋವು ತಪ್ಪುತ್ತದೆ. ಆದರೆ ಅದರ ಹಿಂಬದಿಯ 230 ವೋಲ್ಟ್ ಟರ್ಮಿನಲ್‌ಗಳು ತೆರೆದಿರುತ್ತವೆ. ಎಲೆಕ್ಟ್ರಿಷಿಯನ್ ಕೈಲಿ ಡಬ್ಬಿಯೊಳಗೆ ಕೂರಿಸಿ. ಕರಾವಳಿಯಲ್ಲಿ ತಣ್ಣೀರು ಬೇಡುವ ಗೋಲ್ಡ್‌ಫಿಶ್ ಸಾಕುವವರಿಗೆ ಮಾತ್ರ ಈ ಫ್ಯಾನ್ ದಂಡ. ಅವರು ನೀರು ತಂಪು ಮಾಡುವ ಯಂತ್ರವಾದ ಚಿಲ್ಲರ್‌ಗೇ ದುಡ್ಡು ಹಾಕಲಿ.