ಶೆವ್ರೊಲೆ 454ಕ್ಕೆ ಜೋಡಿ ಕಾರ್ಬುರೇಟರ್: ಎಡೆಲ್‌ಬ್ರಾಕ್ ಇಲ್ಲವೇ ಹೋಲಿ?

5,500 ಆರ್‌ಪಿಎಂನಲ್ಲಿ 454 ಘನ ಇಂಚಿನ ಈ ಎಂಜಿನ್‌ಗೆ ಬೇಕಾಗುವುದು ಸುಮಾರು 720 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ (454 × 5,500 ÷ 3,456). ಎರಡು 750 ಸಿಎಫ್‌ಎಂ ಕಾರ್ಬುರೇಟರ್ ಕೂರಿಸುವ ಆಸೆ ಬಿಡಿ.

ರಸ್ತೆಯಲ್ಲಿ ಓಡಿಸುವ ಕಾರಾದರೆ ಎರಡು 500 ಸಿಎಫ್‌ಎಂ ಎಡೆಲ್‌ಬ್ರಾಕ್, ಡ್ಯುಯಲ್-ಪ್ಲೇನ್ ಮ್ಯಾನಿಫೋಲ್ಡ್ (ಎರಡು ಹಂತದ ಗಾಳಿದಾರಿಗಳಿರುವ ಇನ್‌ಟೇಕ್), ಪ್ರೋಗ್ರೆಸಿವ್ ಲಿಂಕೇಜ್ (ಎರಡನ್ನೂ ಒಂದಾದ ಮೇಲೊಂದು ತೆರೆಯುವ ಜೋಡಣೆ) ನಮ್ಮ ಆಯ್ಕೆ. ಹಿಂದಿನ ಕಾರ್ಬುರೇಟರ್ ಮೊದಲು ತೆರೆದು ಮುಂದಿನದು ಆಮೇಲೆ ಸೇರಿಕೊಳ್ಳುವುದರಿಂದ ನಿಧಾನ ಓಟ ನಯವಾಗಿರುತ್ತದೆ. ಮುಚ್ಚಳ ಬಿಚ್ಚದೆಯೇ ಪೆಟ್ರೋಲ್ ಪ್ರಮಾಣ ನಿಯಂತ್ರಿಸುವ ಮೀಟರಿಂಗ್ ರಾಡ್ ಬದಲಿಸಬಹುದು, ಟ್ಯೂನಿಂಗ್‌ಗೆ ಇದು ದೊಡ್ಡ ಅನುಕೂಲ. ಆದರೆ ಪೆಟ್ರೋಲ್ ಒತ್ತಡ ಹೆಚ್ಚಾದರೆ ಪೆಟ್ರೋಲ್ ಒಳಹರಿವು ತಡೆಯುವ ನೀಡಲ್ ವಾಲ್ವ್ ಮುಚ್ಚದೆ ಎಂಜಿನ್ ಫ್ಲಡ್ ಆಗುತ್ತದೆ, ರೆಗ್ಯುಲೇಟರ್ 5.5 ಪಿಎಸ್‌ಐಗೆ ಇಡಿ.

ಟನಲ್ ರ್ಯಾಮ್ (ಉದ್ದ ಗಾಳಿದಾರಿಗಳ ಎತ್ತರದ ಮ್ಯಾನಿಫೋಲ್ಡ್) ಮೇಲೆ ಎರಡು 600 ಸಿಎಫ್‌ಎಂ ಹೋಲಿ ಮೇಲಿನ ಆರ್‌ಪಿಎಂಗೇ ಸರಿ, ಬಾನೆಟ್ ಕತ್ತರಿಸಬೇಕಾಗುತ್ತದೆ. ವ್ಯಾಕ್ಯೂಮ್ ಸೆಕೆಂಡರಿಗಳ (ನಿರ್ವಾತದಿಂದ ತೆರೆಯುವ ಎರಡನೇ ಜೋಡಿ ಗಾಳಿದ್ವಾರಗಳ) ಡಯಾಫ್ರಮ್‌ಗಳನ್ನು ಕೊಳವೆಯಿಂದ ಜೋಡಿಸಿ, ಇಲ್ಲದಿದ್ದರೆ ಒಂದು ಮುಂಚೆ ತೆರೆಯುತ್ತದೆ. ರೇಸ್ ಮಾದರಿಯ ಕ್ಯಾಮ್‌ನಲ್ಲಿ ಐಡಲ್ ವ್ಯಾಕ್ಯೂಮ್ 6 ಇಂಚಿಗೆ (ಪಾದರಸ) ಇಳಿದರೆ 6.5 ಇಂಚಿಗೆ ತೆರೆಯುವ ಪವರ್ ವಾಲ್ವ್ (ಹೆಚ್ಚುವರಿ ಪೆಟ್ರೋಲ್ ಬಿಡುವ ಕವಾಟ) ಐಡಲ್‌ನಲ್ಲೇ ತೆರೆದು ಪ್ಲಗ್ ಕಪ್ಪಾಗುತ್ತದೆ; ಐಡಲ್ ವ್ಯಾಕ್ಯೂಮ್‌ನ ಅರ್ಧದಷ್ಟಕ್ಕೆ ತೆರೆಯುವ ವಾಲ್ವ್ ಹಾಕಿ.