ಜಪಾನ್ ಬಿಡುವ ಮುನ್ನ ಕಾರು ಮಾರುವುದು: ಕಾಯಿತೊರಿ ಸೇವೆಗಳ ವಿಮರ್ಶೆ

ಜಪಾನಿನಲ್ಲಿ ಹಳೆ ಕಾರು ಕೊಳ್ಳುವವರಿಗೆ ಬರವಿಲ್ಲ. ಹೆದ್ದಾರಿ ಬದಿಯ ಕಾಯಿತೊರಿ, ಅಂದರೆ ಹಳೆ ಗಾಡಿ ಕೊಳ್ಳುವ ಮಳಿಗೆಗಳಿವೆ, ಒಂದೇ ಅರ್ಜಿಗೆ ಹತ್ತು ಕಡೆಯಿಂದ ಬೆಲೆ ತರಿಸುವ ಇಕ್ಕಾತ್ಸು ಸಾತೇ ವೆಬ್‌ಸೈಟುಗಳಿವೆ, ವಿದೇಶಕ್ಕೆ ಗಾಡಿ ಸಾಗಿಸುವ ರಫ್ತುದಾರರಿದ್ದಾರೆ. ಅಲ್ಲೇ ನೆಲೆಸಿದವರು ಇವನ್ನು ಬೆಲೆ ನೋಡಿ ಅಳೆದರೆ ಸಾಕು. ಹೊರಡುವ ತಾರೀಖು ಗೊತ್ತಾಗಿರುವ ವಿದೇಶೀಯರು ಬೇರೆ ಎರಡು ಪ್ರಶ್ನೆ ಕೇಳಬೇಕು: ವಿಮಾನ ಹತ್ತುವ ಮುಂಚೆ ಗಾಡಿ ನನ್ನ ಹೆಸರಿನಿಂದ ಇಳಿಯುತ್ತದೆಯೇ? ದುಡ್ಡು ಖಾತೆಗೆ ಬಂದಿರುತ್ತದೆಯೇ? ಇವೆರಡಕ್ಕೂ ಹೌದು ಎನ್ನುವ ಮಳಿಗೆ ಬೆಲೆಯಲ್ಲಿ ಸ್ವಲ್ಪ ಹಿಂದಿದ್ದರೂ ಅದೇ ಮೇಲು.

ಇದಕ್ಕೆ ಕಾರಣ ಮೊಹರು. 660 ಸಿಸಿ ದಾಟಿದ ಸಾಮಾನ್ಯ ಕಾರನ್ನು ಮಾರಲು ನಗರಸಭೆಯಲ್ಲಿ ನೋಂದಾಯಿಸಿದ ಮೊಹರು, ಅಂದರೆ ಜಿತ್ಸುಇನ್ ಬೇಕು. ಅದರ ಜೊತೆಗೆ ಮೂರು ತಿಂಗಳೊಳಗೆ ಪಡೆದ ಇಂಕಾನ್ ಪ್ರಮಾಣಪತ್ರವೂ, ಅಂದರೆ ಮೊಹರು ನಿಮ್ಮದೇ ಎಂದು ನಗರಸಭೆ ಕೊಡುವ ಪತ್ರವೂ ಬೇಕು. ದೇಶ ಬಿಡುತ್ತೇನೆಂದು ಕೊಡುವ ತೆನ್‌ಶುತ್ಸು ಅರ್ಜಿಯಲ್ಲಿ ಬರೆದ ದಿನಕ್ಕೆ ಮೊಹರಿನ ನೋಂದಣಿ ತಾನಾಗಿಯೇ ರದ್ದಾಗುತ್ತದೆ. ಆಮೇಲೆ ಆ ಪ್ರಮಾಣಪತ್ರ ಸಿಗುವುದಿಲ್ಲ. ರಾಯಭಾರ ಕಚೇರಿಯಿಂದ ಸಹಿ ದೃಢೀಕರಣ ತಂದು ಕೆಲಸ ಮುಗಿಸುವ ದಾರಿ ಇದೆಯಾದರೂ ಅದು ನಿಧಾನ, ಕೊಳ್ಳುವವರೂ ಹಿಂದೇಟು ಹಾಕುತ್ತಾರೆ. ಹಾಗಾಗಿ ಮೊದಲು ಮಾರಾಟ, ಆಮೇಲೆ ಹೆಸರು ವರ್ಗಾವಣೆ, ಕೊನೆಗೆ ತೆನ್‌ಶುತ್ಸು. ಹೊರಡಲು ಒಂದೂವರೆ ತಿಂಗಳಿರುವಾಗ ಶುರುಮಾಡಿದರೆ ಉಸಿರಾಡಲು ಜಾಗ ಇರುತ್ತದೆ.

ಬೆಲೆ ಕೇಳುವುದಕ್ಕಿಂತ ಮುಂಚೆ ಶಾಕೆನ್‌ಶೋ, ಅಂದರೆ ತಪಾಸಣೆ ಪತ್ರ, ತೆಗೆದು ಮೂರು ಸಂಗತಿ ನೋಡಿ. ಒಂದು, ಮಾಲೀಕರ ಹೆಸರು. ಸಾಲದ ಮೇಲೆ ಕೊಂಡ ಗಾಡಿಗೆ ಬಹಳ ಸಲ ಡೀಲರ್ ಅಥವಾ ಸಾಲದ ಕಂಪನಿಯೇ ಮಾಲೀಕ, ನೀವು ಬರೀ ಬಳಕೆದಾರ. ಸಾಲ ತೀರಿದ ಮಾತ್ರಕ್ಕೆ ಇದು ತಾನಾಗಿ ಬದಲಾಗುವುದಿಲ್ಲ, ಕಂಪನಿಯಿಂದ ಬಿಡುಗಡೆ ಪತ್ರ ತರಿಸಬೇಕು. 2023ರ ಜನವರಿಯಿಂದ ಬಂದಿರುವ ಚಿಕ್ಕ ಅಳತೆಯ ಎಲೆಕ್ಟ್ರಾನಿಕ್ ಪತ್ರದಲ್ಲಿ ಮಾಲೀಕರ ಹೆಸರು ಮೇಲೆ ಅಚ್ಚಾಗಿರುವುದಿಲ್ಲ, ಚಿಪ್‌ನಲ್ಲಿರುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ ಓದಿಸಿ ಖಚಿತಪಡಿಸಿಕೊಳ್ಳಿ. ಎರಡು, ವಿಳಾಸ. ಕಾರು ಕೊಂಡ ಮೇಲೆ ಮನೆ ಬದಲಾಯಿಸಿ ಇಲ್ಲಿ ತಿದ್ದಿಸದಿದ್ದರೆ ಹಳೆ ವಿಳಾಸದಿಂದ ಈಗಿನದಕ್ಕೆ ಕೊಂಡಿ ತೋರಿಸುವ ಜುಮಿನ್‌ಹ್ಯೋ, ಅಂದರೆ ನಗರಸಭೆಯ ನಿವಾಸಿ ದಾಖಲೆ ಬೇಕು. ಎರಡು ಮೂರು ಊರು ಸುತ್ತಿದವರು ಹಿಂದಿನ ಊರಿನ ನಗರಸಭೆಯಿಂದ ಹಳೆಯ ದಾಖಲೆ ಅಂಚೆಯಲ್ಲಿ ತರಿಸಬೇಕಾಗುತ್ತದೆ, ಅದಕ್ಕೇ ವಾರ ಹಿಡಿಯಬಹುದು. ಮೂರು, ಹೆಸರಿನ ಅಕ್ಷರ. ಕಾರು ಕೊಳ್ಳುವಾಗ ಡೀಲರ್ ಕತಕಾನದಲ್ಲಿ, ಅಂದರೆ ವಿದೇಶಿ ಹೆಸರಿಗೆ ಬಳಸುವ ಜಪಾನೀ ಲಿಪಿಯಲ್ಲಿ ಬರೆಸಿರುತ್ತಾನೆ, ನಿವಾಸ ಕಾರ್ಡಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು ತಂದೆಯ ಹೆಸರು, ಊರಿನ ಹೆಸರು ಎಲ್ಲ ಒಂದೇ ಸಾಲಿನಲ್ಲಿರುವ ನಮ್ಮ ಕಡೆಯವರಿಗೆ ಈ ತೊಡಕು ಹೆಚ್ಚು. ಕತಕಾನ ಮೊಹರು ಬೇಕಿದ್ದರೆ ಆ ರೂಪವೂ ಜುಮಿನ್‌ಹ್ಯೋದಲ್ಲಿ ದಾಖಲಾಗಿರಬೇಕು.

ಇನ್ನು ಸೇವೆಗಳ ವಿಷಯ. ಇಕ್ಕಾತ್ಸು ಸಾತೇ ವೆಬ್‌ಸೈಟುಗಳಲ್ಲಿ ಫೋನ್ ನಂಬರ್ ಹಾಕಿ ಗುಂಡಿ ಒತ್ತಿದ ಕೂಡಲೇ ಕರೆಗಳ ಸುರಿಮಳೆ ಶುರುವಾಗುತ್ತದೆ. ಜಪಾನೀ ಭಾಷೆ ಅಷ್ಟಕ್ಕಷ್ಟೇ ಇರುವವರಿಗೆ ಇದು ಹಿಂಸೆ. ಮಳಿಗೆಗಳು ಮೊದಲು ಆನ್‌ಲೈನಿನಲ್ಲೇ ಬೆಲೆ ಹಾಕಿ, ಮೇಲಿನ ಎರಡು ಮೂರು ಮಂದಿ ಮಾತ್ರ ಸಂಪರ್ಕಿಸುವ ಹೊಸ ಬಗೆಯ ವೆಬ್‌ಸೈಟುಗಳು ಎಷ್ಟೋ ವಾಸಿ. ಅದೂ ಬೇಡವೆಂದರೆ ಮೂರು ಮಳಿಗೆಗಳಿಗೆ ಒಂದೇ ದಿನ ನೀವೇ ಗಾಡಿ ಒಯ್ಯಿರಿ. ಕೊಂಡ ಕಾರನ್ನು ಅವರು ಹೆಚ್ಚಾಗಿ ಕೆಲವೇ ದಿನಗಳಲ್ಲಿ ವ್ಯಾಪಾರಿಗಳ ಹರಾಜಿಗೆ ಕಳಿಸುತ್ತಾರೆ. ಹರಾಜಿನಲ್ಲಿ ಸಿಗಬಹುದಾದ ಮೊತ್ತದಿಂದ ತಮ್ಮ ಲಾಭ ಕಳೆದದ್ದೇ ನಿಮಗೆ ಹೇಳುವ ಬೆಲೆ. ‘ಇವತ್ತೇ ಕೊಟ್ಟರೆ ಮಾತ್ರ ಈ ರೇಟು’ ಎಂದರೆ ಎದ್ದು ಬನ್ನಿ. ನಾಳೆಯೂ ಹೆಚ್ಚುಕಡಿಮೆ ಅದೇ ಬೆಲೆ ಇರುತ್ತದೆ.

ಬೆಲೆ ಕಟ್ಟುವವರು ಹೊಳಪು ನೋಡಿ ಮರುಳಾಗುವವರಲ್ಲ. ಬಾನೆಟ್ ಎತ್ತಿ ಫೆಂಡರ್‌ನ ಬೋಲ್ಟುಗಳ ತಲೆ ನೋಡುತ್ತಾರೆ. ಅಲ್ಲಿ ಬಣ್ಣ ಕಿತ್ತು ಸ್ಪ್ಯಾನರ್ ಗುರುತು ಕಂಡರೆ ಫೆಂಡರ್ ಬಿಚ್ಚಲಾಗಿದೆ ಎಂದರ್ಥ, ತಕ್ಷಣ ಒಳಗೆ ರೇಡಿಯೇಟರ್ ಹಿಡಿದಿಡುವ ಚೌಕಟ್ಟಾದ ಕೋರ್ ಸಪೋರ್ಟ್ ಕಡೆ ಟಾರ್ಚ್ ಬಿಡುತ್ತಾರೆ. ಬಾಗಿಲಿನ ರಬ್ಬರ್ ಸರಿಸಿ, ಮಾಡು ಹೊರುವ ಕಂಬವಾದ ಪಿಲ್ಲರ್‌ನ ಸ್ಪಾಟ್ ವೆಲ್ಡಿಂಗ್ ನೋಡುತ್ತಾರೆ, ಬಣ್ಣದ ದಪ್ಪ ಅಳೆಯುತ್ತಾರೆ. ಬಂಪರ್, ಬಾಗಿಲು, ಫೆಂಡರ್ ಬದಲಾಯಿಸಿದ್ದರೆ ಅದು ‘ಶೂಫುಕು ರೆಕಿ’, ಅಂದರೆ ದುರಸ್ತಿ ಇತಿಹಾಸವಲ್ಲ. ಪಿಲ್ಲರ್, ಫ್ರೇಮ್, ನೆಲದ ಹಾಳೆಯಂಥ ಅಸ್ಥಿಭಾಗಕ್ಕೆ ರಿಪೇರಿ ಆಗಿದ್ದರೆ ಮಾತ್ರ ಆ ಪಟ್ಟಿಗೆ ಸೇರುತ್ತದೆ, ಬೆಲೆಯೂ ಬಲವಾಗಿ ಕುಸಿಯುತ್ತದೆ. ಗೊತ್ತಿದ್ದ ಅಪಘಾತವನ್ನು ಮುಚ್ಚಿಡಬೇಡಿ, ಒಪ್ಪಂದದ ಕಾಗದದಲ್ಲಿ ಬರೆಸಿಬಿಡಿ. ಹರಾಜಿಗೆ ಹೋದ ಮೇಲೆ ದೋಷ ಸಿಕ್ಕಿತೆಂದು ಮಳಿಗೆ ದುಡ್ಡು ವಾಪಸ್ ಕೇಳಿದರೆ ನಿಮ್ಮ ರಕ್ಷಣೆಗಿರುವುದು ಅದೊಂದೇ. ಸಣ್ಣ ನಗ್ಗು, ಗೀರುಗಳಿಗೆ ಮಾರುವ ಮುಂಚೆ ಖರ್ಚು ಮಾಡುವುದು ವ್ಯರ್ಥ, ಹಾಕಿದಷ್ಟು ಬೆಲೆಯಲ್ಲಿ ಹಿಂತಿರುಗುವುದಿಲ್ಲ. ಸಿಗರೇಟಿನ ವಾಸನೆ ತೆಗೆಸಿ, ಎರಡನೇ ಕೀಲಿ, ಸರ್ವಿಸ್ ಪುಸ್ತಕ, ಚಳಿಗಾಲದ ಟೈರು ಜೋಡಿಸಿಡಿ.

ದುಡ್ಡಿನ ಲೆಕ್ಕದಲ್ಲಿ ಮಳಿಗೆಗಳು ಮಂಜು ಕವಿಸುವುದು ಎರಡು ಕಡೆ. ಮೊದಲನೆಯದು ವಾರ್ಷಿಕ ಕಾರು ತೆರಿಗೆ. ಏಪ್ರಿಲ್ 1ರಂದು ಯಾರ ಹೆಸರಿನಲ್ಲಿ ಗಾಡಿ ಇದೆಯೋ ಅವರು ಇಡೀ ವರ್ಷದ ತೆರಿಗೆ ಕಟ್ಟಬೇಕು. 2019ರ ಅಕ್ಟೋಬರ್ ನಂತರ ಮೊದಲ ಸಲ ನೋಂದಣಿಯಾದ, 1,000 ಸಿಸಿ ದಾಟಿ 1,500 ಸಿಸಿವರೆಗಿನ ಕಾರಿಗೆ ಅದು 30,500 ಯೆನ್. ನೋಂದಣಿ ರದ್ದಾದರೆ ಉಳಿದ ತಿಂಗಳುಗಳ ಪಾಲು ವಾಪಸ್ ಬರುತ್ತದೆ: ಸೆಪ್ಟೆಂಬರ್‌ನಲ್ಲಿ ರದ್ದಾದರೆ ಸುಮಾರು ಅರ್ಧ. ಬರೀ ಹೆಸರು ವರ್ಗಾವಣೆಯಾದರೆ ಸರ್ಕಾರದಿಂದ ಏನೂ ಬರುವುದಿಲ್ಲ, ಆ ಪಾಲನ್ನು ಕೊಳ್ಳುವವರಿಂದಲೇ ಕೇಳಿ ಪಡೆಯಬೇಕು. ರದ್ದಾದಾಗಲೂ ಮರುಪಾವತಿಯ ಸೂಚನೆ ಬರುವುದು ಜಪಾನಿನ ನಿಮ್ಮ ವಿಳಾಸಕ್ಕೆ, ಅಷ್ಟರಲ್ಲಿ ನೀವು ಅಲ್ಲಿರುವುದಿಲ್ಲ. ಆದ್ದರಿಂದ ಬೆಲೆಯಲ್ಲೇ ಸೇರಿಸಿ ಕೊಡಿ ಎಂದು ಪಟ್ಟುಹಿಡಿಯಿರಿ. 660 ಸಿಸಿ ಒಳಗಿನ ಕೇ ಕಾರಿಗೆ ಈ ತಿಂಗಳ ಲೆಕ್ಕವೇ ಇಲ್ಲ. ಎರಡನೆಯದು ರೀಸೈಕಲ್ ಠೇವಣಿ, ಅಂದರೆ ಗಾಡಿಯನ್ನು ಕೊನೆಗೆ ಗುಜರಿಗೆ ಹಾಕುವ ಖರ್ಚಿಗೆಂದು ಇಟ್ಟ ಹಣ. ನೀವು ಕಾರು ಕೊಳ್ಳುವಾಗ ಕಟ್ಟಿದ್ದ ಈ ಹಣವನ್ನು ಮುಂದಿನ ಮಾಲೀಕರು ನಿಮಗೆ ಕೊಡುವುದು ಕ್ರಮ. ‘ಎಲ್ಲ ಸೇರಿದ ಬೆಲೆ’ ಎನ್ನುವ ಮಳಿಗೆಗೆ ಕಾರಿನದೆಷ್ಟು, ತೆರಿಗೆಯದೆಷ್ಟು, ರೀಸೈಕಲ್‌ನದೆಷ್ಟು ಎಂದು ಬಿಡಿಸಿ ಬರೆಯಲು ಹೇಳಿ. ಬರೆಯಲು ತಕರಾರಿಲ್ಲದ ಮಳಿಗೆಗೆ ನಮ್ಮ ಮೊದಲ ಅಂಕ.

ಕಾಗದಕ್ಕೆ ಮೊಹರು ಒತ್ತುವಾಗ ಅವಸರ ಬೇಡ. ಜೋತೊ ಶೋಮೇಶೋ ಎಂಬ ವರ್ಗಾವಣೆ ಪತ್ರ ಮತ್ತು ಇನಿನ್‌ಜೋ ಎಂಬ ಅಧಿಕಾರ ಪತ್ರ, ಎರಡಕ್ಕೂ ಜಿತ್ಸುಇನ್ ಬೀಳುತ್ತದೆ. ಗಾಡಿಯ ನಂಬರ್, ಚಾಸಿ ನಂಬರ್ ತುಂಬಿಸಿದ ಮೇಲಷ್ಟೇ ಒತ್ತಿ, ಎರಡರ ಫೋಟೊ ಇಟ್ಟುಕೊಳ್ಳಿ. ಮುಂಗಡವಾಗಿ ಕೇಳಬೇಕಾದದ್ದು ಮೂರು: ದುಡ್ಡು ಎಂದು ಬರುತ್ತದೆ, ರದ್ದು ಮಾಡಿದರೆ ದಂಡವೆಷ್ಟು, ಹೆಸರು ಬದಲಾದ ಪತ್ರದ ಪ್ರತಿ ಎಂದು ಕೈಸೇರುತ್ತದೆ. ಹಣ ಬರುವುದು ಸಾಮಾನ್ಯವಾಗಿ ಗಾಡಿ ಕೊಟ್ಟು ಕೆಲವು ದಿನಗಳ ಮೇಲೆ, ಬ್ಯಾಂಕಿಗೆ. ಅಲ್ಲಿಯವರೆಗೆ ಖಾತೆ ಮುಚ್ಚಬೇಡಿ. ಮನೆಗೆ ಬಂದು ಗಾಡಿ ಕೊಂಡರೂ ಕಾರಿಗೆ ಕೂಲಿಂಗ್ ಆಫ್, ಅಂದರೆ ಕೆಲವು ದಿನಗಳೊಳಗೆ ಒಪ್ಪಂದ ಮುರಿಯುವ ಹಕ್ಕು ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ.

10 ವರ್ಷ, 1 ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಒಳಮಾರುಕಟ್ಟೆಯ ಮಳಿಗೆಗಳು ಸೊನ್ನೆ ಬೆಲೆ ಎನ್ನುವುದುಂಟು. 13 ವರ್ಷದ ಮೇಲೆ ಪೆಟ್ರೋಲ್ ಕಾರಿನ ತೆರಿಗೆಯೂ ಏರುತ್ತದೆ. ಅಂಥದ್ದನ್ನು ರಫ್ತುದಾರರಿಗೆ ತೋರಿಸದೆ ಕೊಡಬೇಡಿ. ಹೈಏಸ್, ಲ್ಯಾಂಡ್ ಕ್ರೂಸರ್‌ನಂಥವಕ್ಕೆ ಆಫ್ರಿಕಾ, ಏಷ್ಯಾದ ಬಲಬದಿ ಸ್ಟಿಯರಿಂಗ್ ದೇಶಗಳಲ್ಲಿ ಬೇಡಿಕೆ ಇದೆ. ರಫ್ತುದಾರರಲ್ಲಿ ಇಂಗ್ಲಿಷ್ ಮಾತಾಡುವವರೂ ಹೆಚ್ಚು. ಆದರೆ ರಫ್ತಿಗಾಗಿ ನೋಂದಣಿ ರದ್ದಾದ ಪತ್ರದ ಪ್ರತಿ ಕೊಡಲೊಪ್ಪದವರ ಜೊತೆ ವ್ಯವಹಾರ ಬೇಡ. ಓಡದ ಗಾಡಿಗೆ ಗುಜರಿಯೇ ಗತಿಯಾದರೂ, ಶಾಕೆನ್, ಅಂದರೆ ಕಡ್ಡಾಯ ತಪಾಸಣೆಯ ಅವಧಿ ಉಳಿದಿದ್ದರೆ ತೂಕದ ತೆರಿಗೆಯ ಪಾಲು ಮಾಲೀಕರಿಗೆ ಹಿಂದಿರುಗುತ್ತದೆ.

ಪರಿಚಿತರಿಗೆ ನೇರವಾಗಿ ಮಾರಿದರೆ ಹೆಚ್ಚು ಹಣ ಸಿಗುತ್ತದೆ ನಿಜ, ಅಪಾಯವೂ ಇಲ್ಲೇ ಹೆಚ್ಚು. 15 ದಿನದೊಳಗೆ ಹೆಸರು ಬದಲಾಯಿಸಬೇಕೆಂದು ಕಾನೂನು ಹೇಳಿದರೂ ಕೊಂಡವರು ಉದಾಸೀನ ಮಾಡಿದರೆ ತೆರಿಗೆ, ಪಾರ್ಕಿಂಗ್ ದಂಡದ ನೋಟಿಸು ನಿಮ್ಮ ಹೆಸರಿಗೇ ಬರುತ್ತದೆ. ಗಾಡಿ ನಿಲ್ಲಿಸಲು ಜಾಗವಿದೆ ಎಂಬ ಪೊಲೀಸ್ ಠಾಣೆಯ ಪಾರ್ಕಿಂಗ್ ಪ್ರಮಾಣಪತ್ರ ಕೊಳ್ಳುವವರ ಕೈಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಸಾರಿಗೆ ಕಚೇರಿಗೆ ಹೋಗಿ ಮುಗಿಸಿ. ಶುಲ್ಕ 500 ಯೆನ್, ಪ್ಲೇಟು ಬದಲಾದರೆ ಅದರ ಖರ್ಚು ಬೇರೆ. ಶನಿವಾರ, ಭಾನುವಾರ ಕಚೇರಿ ಇಲ್ಲ. ಮಾರ್ಚ್ ಕೊನೆಯ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೇ ಕಾರಿಗೆ ಕಚೇರಿ ಬೇರೆ, ಮೊಹರಿನ ಪ್ರಮಾಣಪತ್ರವೂ ಬೇಡ. ಅದನ್ನು ಮಾತ್ರ ಧೈರ್ಯವಾಗಿ ನೇರ ಮಾರಬಹುದು.

ಗಾಡಿ ಕೊಡುವ ದಿನ ಹೆದ್ದಾರಿ ಟೋಲಿನ ಇಟಿಸಿ ಕಾರ್ಡು, ಡ್ಯಾಶ್‌ಕ್ಯಾಮ್‌ನ ಮೆಮೊರಿ ಕಾರ್ಡು ತೆಗೆದುಕೊಳ್ಳಿ, ನ್ಯಾವಿಗೇಷನ್‌ನಲ್ಲಿರುವ ಮನೆ ವಿಳಾಸ ಅಳಿಸಿ. ಬಾಡಿಗೆ ಪಾರ್ಕಿಂಗ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಮುಂಚೆ ತಿಳಿಸಬೇಕು. ಕಡ್ಡಾಯ ವಿಮೆ ಗಾಡಿಯ ಜೊತೆಗೇ ಹೋಗುತ್ತದೆ. ನೀವಾಗಿ ಮಾಡಿಸಿದ ವಿಮೆಯನ್ನು ಗಾಡಿ ಕೈಬಿಟ್ಟ ಮೇಲಷ್ಟೇ ನಿಲ್ಲಿಸಿ, ಆಗ ‘ಚೂದಾನ್ ಶೋಮೇಶೋ’, ಅಂದರೆ ವಿಮೆ ತಾತ್ಕಾಲಿಕವಾಗಿ ನಿಲ್ಲಿಸಿದ ಪತ್ರ ಕೇಳಿ ಪಡೆಯಿರಿ. ಮತ್ತೆ ಜಪಾನಿಗೆ ಬಂದು ಕಾರು ಕೊಂಡರೆ ಇಷ್ಟು ವರ್ಷ ಗಳಿಸಿದ ರಿಯಾಯಿತಿ ದರ್ಜೆಯನ್ನು 10 ವರ್ಷದವರೆಗೆ ಉಳಿಸಿಕೊಡುವುದು ಆ ಪತ್ರವೇ.