ಸ್ಕೀ ವ್ಯಾಕ್ಸ್ ಕಿಟ್: ಆರು ಸೀಸನ್ ಬಳಸಿದ ಮೇಲೆ

ಸಾಲ್ಟ್ ಲೇಕ್ ಸಿಟಿಗೆ ಬಂದ ಎರಡನೇ ಚಳಿಗಾಲದಲ್ಲಿ, ಹಿಮದ ಮೇಲೆ ಜಾರುವ ಉದ್ದ ಹಲಗೆ, ಅಂದರೆ ಸ್ಕೀ, ಸ್ವಂತಕ್ಕೆ ಕೊಂಡೆ. ನಾಲ್ಕು ದಿನ ಜಾರುವಷ್ಟರಲ್ಲಿ ಅಡಿಭಾಗ, ಅಂದರೆ ಬೇಸ್, ಅಂಚಿನುದ್ದಕ್ಕೂ ಬೆಳ್ಳಗಾಗಿ ಒಣಗಿತ್ತು. ಹಾಗಾದಾಗ ಬೇಸ್‌ಗೆ ಬಿಸಿ ಇಸ್ತ್ರಿಯಿಂದ ಮೇಣ ಕರಗಿಸಿ ಹಿಡಿಸಬೇಕು. ಮೇಣ ತಾನೇ ಅಂದುಕೊಂಡು ಬಟ್ಟೆಯ ಇಸ್ತ್ರಿ ಪೆಟ್ಟಿಗೆಯನ್ನೇ ಬಳಸಿದೆ. ಅದರ ಶಾಖ ಒಂದೇ ಸಮ ಇರುವುದಿಲ್ಲ. ಬೇಸ್ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು, 130 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಿ ಕರಗುತ್ತದೆ. ಹೊಗೆ ಎದ್ದಾಗ ಕೈ ತೆಗೆದೆ. ಅಷ್ಟರಲ್ಲಿ ಅಂಗೈಯಗಲ ಜಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ಇವತ್ತಿಗೂ ಅಲ್ಲಿ ಮೇಣ ಸರಿಯಾಗಿ ಹಿಡಿಯುವುದಿಲ್ಲ.

ಆಮೇಲೆ ಈ ಕಿಟ್ ತಂದೆ. ಸ್ಕೀಗೆಂದೇ ಮಾಡಿದ ಇಸ್ತ್ರಿ, ಪ್ಲಾಸ್ಟಿಕ್ ಸ್ಕ್ರೇಪರ್, ಹಿತ್ತಾಳೆ ಮತ್ತು ನೈಲಾನ್ ಬ್ರಷ್, ಸ್ಕೀಯ ಉಕ್ಕಿನ ಅಂಚು (ಎಡ್ಜ್) ಉಜ್ಜುವ ಅರ, ಬೇಸ್‌ನ ಗೀರಿಗೆ ಕರಗಿಸಿ ತುಂಬುವ ಎರಡು ಪಿ-ಟೆಕ್ಸ್ ಪ್ಲಾಸ್ಟಿಕ್ ಕಡ್ಡಿ. ಇಸ್ತ್ರಿಗೇ ಪೂರ್ತಿ ದುಡ್ಡು ಕೊಡಬಹುದು. ತಳ ದಪ್ಪ, ಶಾಖ ಅಲ್ಲಾಡುವುದಿಲ್ಲ. ಮೂತಿಯಿಂದ ಬಾಲದವರೆಗೆ ಎಲ್ಲೂ ನಿಲ್ಲದೆ ಎಳೆಯಬೇಕು, ಹಿಂದೆ ಒಂದು ಗೇಣಿನಷ್ಟು ಮೇಣ ಒದ್ದೆಯಾಗಿ ಮಿನುಗಬೇಕು. ಅದಕ್ಕಿಂತ ಜಾಸ್ತಿ ಉದ್ದ ಮಿನುಗಿದರೆ ಶಾಖ ಹೆಚ್ಚಾಯಿತು ಅಂತಲೇ ಅರ್ಥ. ಪೂರ್ತಿ ತಣ್ಣಗಾದ ಮೇಲೆ ಕೆರೆದು ಬ್ರಷ್ ಹಾಕುತ್ತೇನೆ.

ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿದ ಅಮ್ಮ, "ಹಚ್ಚಿದ್ದನ್ನೆಲ್ಲ ಕೆರೆದು ಹಾಕೋದಾದ್ರೆ ಹಚ್ಚಿದ್ದು ಯಾಕೋ?" ಅಂದಳು. ದೀಪಾವಳಿಗೆ ತಲೆತುಂಬ ಎಣ್ಣೆ ಹಚ್ಚಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದೆಯಲ್ಲ, ಹಾಗೇ ಅಂದೆ. ಒಳಗೆ ಇಳಿದಷ್ಟೇ ಕೆಲಸಕ್ಕೆ ಬರುವುದು. ಮೇಲೆ ಉಳಿದ ಮೇಣ ಜಾರಿಸುವುದಿಲ್ಲ, ತಡೆಯುತ್ತದೆ.

ಪಿ-ಟೆಕ್ಸ್ ಕಡ್ಡಿ ಮಾತ್ರ ತಾಳ್ಮೆ ಕೇಳುತ್ತದೆ. ನವೆಂಬರ್ ಕೊನೆಯಲ್ಲಿ ಇಲ್ಲೇ ಹತ್ತಿರದ ಸ್ಕೀ ತಾಣ ಬ್ರೈಟನ್‌ಗೆ ಹೋದರೆ ಹಿಮ ತೆಳು, ಕೆಳಗೆ ಕಲ್ಲು. ಗೀರು ಗ್ಯಾರಂಟಿ. ಕಡ್ಡಿ ಹಚ್ಚಿ, ಬೇಸ್‌ಗೆ ತೀರಾ ಹತ್ತಿರ ಹಿಡಿದು, ಉರಿ ಸಣ್ಣಗೆ ನೀಲಿಯಾಗಿದ್ದಾಗ ತೊಟ್ಟಿಕ್ಕಿಸಬೇಕು. ಎತ್ತರಕ್ಕೆ ಎತ್ತಿದರೆ ಉರಿ ಹಳದಿಯಾಗಿ ಮಸಿ ಬೀಳುತ್ತದೆ. ಮಸಿ ಬಿದ್ದ ತೇಪೆ ನಿಲ್ಲುವುದಿಲ್ಲ. ಒಳಗಿನ ಮರ ಕಾಣುವಷ್ಟು ಆಳದ ಗಾಯಕ್ಕೂ ಒಮ್ಮೆ ಇದನ್ನೇ ತುಂಬಿದೆ. ಮೂರನೇ ದಿನಕ್ಕೆ ಉದುರಿತು. ಅಂಥದ್ದಕ್ಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಬೆಸೆದು ಮಾಡುವ ಬೇಸ್ ವೆಲ್ಡ್ ಬೇಕೇ ಬೇಕು, ಸುಮ್ನೆ ಕಡ್ಡಿ ಸುಡಬೇಡಿ.

ಅಂಗಡಿ ಅಂದಾಗ ನೆನಪಾಯಿತು. ನಾನು ಮೊದಲು ಹೋಗುತ್ತಿದ್ದ ಕಡೆ ಏನೇ ಕೇಳಿದರೂ ಸ್ಟೋನ್ ಗ್ರೈಂಡ್, ಅಂದರೆ ತಿರುಗುವ ಕಲ್ಲಿಗೆ ಹಿಡಿದು ಬೇಸ್ ಉಜ್ಜುವುದು, ಮಾಡಿಬಿಡುತ್ತಿದ್ದರು. ಬೇಸ್ ನುಣ್ಣಗಾಗುತ್ತದೆ ನಿಜ. ಆದರೆ ಹೊಸ ಸ್ಕೀಯಲ್ಲೂ ಅದರ ದಪ್ಪ ಒಂದೂ ಚಿಲ್ಲರೆ ಮಿಲಿಮೀಟರ್ ಅಷ್ಟೇ, ಪ್ರತಿ ಸಲ ಸ್ವಲ್ಪ ತೆಳುವಾಗುತ್ತದೆ. ಕಿಟ್ ಬಂದ ಮೇಲೆ ಆರು ವರ್ಷಕ್ಕೆ ಎರಡೇ ಗ್ರೈಂಡ್ ಮಾಡಿಸಿದ್ದೇನೆ. ಅದೇ ಸ್ಕೀ ಇನ್ನೂ ಓಡುತ್ತಿದೆ.

ದೂರುಗಳೂ ಇವೆ. ಇಸ್ತ್ರಿಯ ವೈರ್ ಗಿಡ್ಡ, ಗರಾಜಿನ ಪ್ಲಗ್ ಮುಟ್ಟುವುದಿಲ್ಲ. ಅರದ ಬಗ್ಗೆ ಹೇಳುವಂಥದ್ದೇನಿಲ್ಲ, ತುಕ್ಕು ತೆಗೆಯುತ್ತದೆ. ಸೇಲ್‌ನಲ್ಲಿ ಕೊಂಡಿದ್ದ, ಫ್ಲೋರಿನ್ ಸಂಯುಕ್ತ ಬೆರೆಸಿದ ಫ್ಲೋರೋ ಮೇಣ ಈಗ ಬಳಸುತ್ತಿಲ್ಲ. ಅದನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಸೀಸನ್‌ನಿಂದ ರೇಸ್‌ಗಳಲ್ಲಿ ನಿಷೇಧಿಸಿದೆ. ನಮ್ಮಂಥ ಭಾನುವಾರದವರಿಗೆ ಅದು ಮೊದಲೂ ಬೇಕಿರಲಿಲ್ಲ ಬಿಡಿ.

ಏಪ್ರಿಲ್‌ನಲ್ಲಿ ದಪ್ಪಗೆ ಮೇಣ ಬಳಿದು, ಕೆರೆಯದೆ ಹಾಗೇ ಗೋಡೆಗೆ ಒರಗಿಸಿದ್ದೇನೆ, ಬೇಸಿಗೆಯಲ್ಲಿ ಬೇಸ್ ಒಣಗದಿರಲಿ ಅಂತ. ಸ್ಕ್ರೇಪರ್ ಅಂಚು ಬೇರೆ ಮೊಂಡಾಗಿದೆ. ಹಿಮ ಬೀಳುವ ಮೊದಲು ಹೊಸದೊಂದು ತರಬೇಕು.